ಏಳು ದಳದ ಗಿಡ್ಡ ಗುಲಾಬಿ

ಬಿ.ಜಿ. ಕೆರೆಯ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವ ರಾಧಮ್ಮನಿಗೆ ಆಗ ನಲವತ್ಮೂರು ವರ್ಷ. ಗಂಡ ಓಬಳಪ್ಪ ಕುರಿ ಹೊಡ್ಕೊಂಡು ಹೋದರೆ ತಿಂಗಳುಗಟ್ಟಲೆ ಊರ ಕಡೆ ಬರುತ್ತಿರಲಿಲ್ಲ. ಮಕ್ಕಳಾಗಿರಲಿಲ್ಲ. ಜನ ಆ ಮಾತು ಕೇಳುವುದನ್ನೂ ಬಿಟ್ಟು ಬಹಳ ಕಾಲವಾಗಿತ್ತು.

ಮನೆ ಮುಂದೆ, ಬಾಯಿ ಕತ್ತರಿಸಿದ ಎಣ್ಣೆ ಡಬ್ಬಗಳಲ್ಲಿ ರಾಧಮ್ಮ ಗಿಡ್ಡ ಗುಲಾಬಿ ಬೆಳೆಸುತ್ತಿದ್ದಳು. ಮೊಣಕಾಲು ಮೀರದ ಗಿಡ, ರೂಪಾಯಿ ಬಿಲ್ಲೆಯಷ್ಟು ಹೂವು. "ಮುಡಿಯಕ್ಕೂ ಬರಲ್ಲ, ದೇವರಿಗೂ ಸಾಲಲ್ಲ, ಯಾತಕ್ಕೆ ಇವು?" ಎಂದು ಪಕ್ಕದ ಮನೆಯ ಕರಿಯಕ್ಕ ಕೇಳುತ್ತಿದ್ದಳು. ರಾಧಮ್ಮ ನಕ್ಕು ಒಣಗಿದ ಎಲೆ ಕೀಳುತ್ತಿದ್ದಳು.

ಅವರ ಬೀದಿಯ ಬೋರಿನ ನೀರು ಉಪ್ಪು. ಹಾಕಿದರೆ ಎಲೆಯಂಚು ಸುಟ್ಟಂತಾಗಿ ಗಿಡ ಮುರುಟಿಕೊಳ್ಳುತ್ತಿತ್ತು. ಇದು ಗೊತ್ತಾಗುವಷ್ಟರಲ್ಲಿ ಎರಡು ಗಿಡ ಹೋಗಿದ್ದವು. ಅಲ್ಲಿಂದ ಮುಂದೆ ಅವಳು ಶಾಲೆಯಲ್ಲಿ ಫಿಲ್ಟರ್ ನೀರಿನಿಂದ ಅಕ್ಕಿ ತೊಳೆದು, ಆ ತೊಳೆದ ನೀರನ್ನು ಕ್ಯಾನಿಗೆ ತುಂಬಿ ಹೊತ್ತು ತರುತ್ತಿದ್ದಳು. ಯಾಕೆ ಎಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಒಂದು ಸಲ ಬಾಡಿದ ಹೂವೊಂದನ್ನು ಕೀಳದೆ ಬಿಟ್ಟಳು. ಅದು ಕಾಯಿ ಕಟ್ಟಿ, ನಿಧಾನಕ್ಕೆ ಕೆಂಪಾಯಿತು. ಬೀಜಕ್ಕೆ ಎರಡು ತಿಂಗಳು ತಣ್ಣಗಿರಬೇಕು ಎಂದರು ಶಾಲೆಯ ಯರ್ರಪ್ಪ ಮೇಷ್ಟ್ರು. ರಾಧಮ್ಮನ ಮನೆಯಲ್ಲಿ ಫ್ರಿಜ್ ಇರಲಿಲ್ಲ. ಅಂಗಡಿಯ ಜಂಬುಲಿಂಗಪ್ಪನನ್ನು ಕೇಳಿಕೊಂಡು, ಅವನ ಫ್ರಿಜ್ಜಿನ ಸೋಡಾ ಬಾಟಲಿಗಳ ಹಿಂದೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಹನ್ನೊಂದು ಬೀಜ ಇಟ್ಟಳು. ಆಮೇಲೆ ಬಿತ್ತಿದಾಗ ಮೂರು ಮೊಳೆತವು, ಎರಡು ಬುಡ ಕೊಳೆತು ಬಿದ್ದವು. ಉಳಿದ ಒಂದು, ಜೂನಿನಲ್ಲಿ ಶಾಲೆ ಶುರುವಾದ ವಾರ ಹೂ ಬಿಟ್ಟಿತು. ಏಳೇ ದಳ. ಒಳಗೆ ತಿಳಿ ಹಳದಿ, ಹೊರಗೆ ತಾಮ್ರದ ಬಣ್ಣ.

ಮೇಷ್ಟ್ರು ಬಂದು ಕುಕ್ಕರುಗಾಲಲ್ಲಿ ಕೂತು ನೋಡಿದರು.

"ಬೀಜದಿಂದ ಬಂದಿದ್ದು ತಾಯಿಗಿಡದಂಗೆ ಇರಲ್ಲ ರಾಧಮ್ಮ. ಈ ಗಿಡ ಬೇರೆ ಎಲ್ಲೂ ಇಲ್ಲ. ಇರೋದು ಇದೊಂದೇ."

ಮರುದಿನ ಅದೇ ಗುಂಗಿನಲ್ಲಿ ಅವಳು ಸಾರಿಗೆ ಎರಡು ಸಲ ಉಪ್ಪು ಹಾಕಿದಳು.

ಮಳೆ ಹಿಡಿದಾಗ ಅದರ ನಾಲ್ಕು ಕಡ್ಡಿ ನೆಟ್ಟಳು. ನಾಲ್ಕೂ ಕೊಳೆತವು. ಗಿಡ ಇನ್ನೂ ತೆಳು, ದೀಪಾವಳಿ ಕಳೀಲಿ, ಬಲಿತ ಮೇಲೆ ಮತ್ತೆ ನೋಡೋಣ ಎಂದುಕೊಂಡಳು.

ದಸರಾ ರಜೆಯಲ್ಲಿ ಅವಳಿಗೆ ರಕ್ತಸ್ರಾವ ಶುರುವಾಯಿತು, ನಿಲ್ಲಲಿಲ್ಲ. ಚಳ್ಳಕೆರೆಯ ಡಾಕ್ಟರು ಗರ್ಭಕೋಶ ತೆಗೆಯಬೇಕು ಎಂದರು. ಚಿತ್ರದುರ್ಗದಲ್ಲಿ ಆಪರೇಷನ್ ಆಯಿತು. ಹೊಲಿಗೆಯಲ್ಲಿ ಕೀವಾಗಿ, ಐದು ದಿನ ಎಂದಿದ್ದು ಇಪ್ಪತ್ನಾಲ್ಕು ದಿನವಾಯಿತು. ಓಬಳಪ್ಪ ಕುರಿಗಳನ್ನು ತಮ್ಮ ಪಾತಣ್ಣನಿಗೆ ಒಪ್ಪಿಸಿ ಬಂದಿದ್ದ. ಬೆಳಗ್ಗೆ ಊರಲ್ಲಿ, ಮಧ್ಯಾಹ್ನದ ಬಸ್ಸಿಗೆ ಆಸ್ಪತ್ರೆಗೆ, ರಾತ್ರಿ ಮತ್ತೆ ಊರಿಗೆ.

"ಗಿಡ?" ಎಂದು ಕೇಳಿದಳು, ಎಚ್ಚರ ಬಂದ ಮೇಲೆ.

"ಹೊಂಡೋವಾಗ ಒಂದ್ಸಲ, ಬಂದ ಮೇಲೆ ಒಂದ್ಸಲ ತಪ್ಪದಂಗೆ ನೀರು ಹಾಕ್ತೀನಿ. ನೀನು ಮಲಕ್ಕ."

ಯಾವ ನೀರು ಎಂದು ಕೇಳಬೇಕೆಂದು ಅವಳಿಗೆ ಹೊಳೆಯಲಿಲ್ಲ. ಆ ಜ್ವರದಲ್ಲಿ, ಗಂಡ ತನ್ನ ಗಿಡಕ್ಕೆ ನೀರು ಹಾಕುತ್ತಾನೆ ಎಂಬುದೇ ಅವಳಿಗೆ ದೊಡ್ಡದಾಗಿತ್ತು.

ಮನೆಗೆ ಬಂದ ದಿನ ಅಂಗಳ ಗುಡಿಸಿತ್ತು. ಡಬ್ಬಗಳನ್ನು ಅವನು ಸಾಲಾಗಿ ಜೋಡಿಸಿ, ಕಳೆ ಕಿತ್ತಿದ್ದ. ಮಣ್ಣು ಒದ್ದೆಯಾಗಿತ್ತು, ಮೇಲೆ ಬಿಳಿ ಉಪ್ಪಿನ ಪೊರೆ. ಒಂದು ಗಿಡದಲ್ಲೂ ಎಲೆ ಇರಲಿಲ್ಲ.

"ಎಲೆ ಉದುರೈತೆ, ಚಿಗುರ್ತಾವೆ," ಎಂದ ಓಬಳಪ್ಪ. "ಶೇಂಗಾಕ್ಕೆ ಹಾಕೋ ಗೊಬ್ಬರನೂ ಒಂದೊಂದು ಹಿಡಿ ಹಾಕೀನಿ."

ಹೊಲಿಗೆಯಿಂದಾಗಿ ಅವಳಿಗೆ ಬಗ್ಗಲು ಆಗುತ್ತಿರಲಿಲ್ಲ. "ಉಗುರಲ್ಲಿ ತೊಗಟೆ ಕೆರೀರಿ" ಎಂದಳು. ಅವನು ಕೆರೆದ. ಒಳಗೆ ಹಸಿರಿರಲಿಲ್ಲ, ಕಂದು. ಇನ್ನೊಂದು ಕೆರೆದ, ಮತ್ತೊಂದು ಕೆರೆದ. ಕೊನೆಗೆ ಬೀಜದ ಗಿಡ. ಬುಡದವರೆಗೂ ಕಂದು. ಅವನು ಮೆಲ್ಲಗೆ ಎಳೆದು ನೋಡಿದ, ಬೇರು ನೆನೆದ ನೂಲಿನ ಹಾಗೆ ಬಂದುಬಿಟ್ಟಿತು.

ಅದನ್ನು ಕೈಯಲ್ಲಿ ಹಿಡಿದೇ ಕೇಳಿದ, "ನಾನೇ ಸಾಯ್ಸಿದ್ನಾ?"

ಆಸ್ಪತ್ರೆಯ ಜಗಲಿಯಲ್ಲಿ ಇಪ್ಪತ್ನಾಲ್ಕು ದಿನವೂ ಬಂದು ಕಾದು ಕೂತಿದ್ದ ಮನುಷ್ಯ. ಅವಳಿಗೆ ಸಿಟ್ಟು ಬಂತು, ಹೊಟ್ಟೆ ಹೊಲಿಗೆ ಬಿಚ್ಚುವಷ್ಟು ಬಂತು. "ಇಲ್ಲ," ಎಂದಳು. "ಬೇರಿಗೆ ಹುಳ ಬಿದ್ದೈತೆ."

ಸಂಕ್ರಾಂತಿ ಕಳೆದ ಮೇಲೆ ಅವಳು ಕೆಲಸಕ್ಕೆ ಹೋದಳು. ಯರ್ರಪ್ಪ ಮೇಷ್ಟ್ರು ಚಳ್ಳಕೆರೆಯ ನರ್ಸರಿಯಿಂದ ಒಂದು ಗಿಡ ತಂದುಕೊಟ್ಟರು. ಒಳ್ಳೆಯ ಗಿಡ, ಮೊಗ್ಗೂ ಇತ್ತು. ಅವಳು ಅದನ್ನು ತನ್ನ ಮನೆಗೆ ಒಯ್ಯದೆ ಕರಿಯಕ್ಕನ ಮನೆಯಲ್ಲಿ ಇಟ್ಟು ಬಂದಳು. ಏಳು ದಳದ ಆ ಹೂವಿನ ಫೋಟೊ ಯಾರೂ ತೆಗೆದಿರಲಿಲ್ಲ. "ಅದು ಹೆಂಗಿತ್ತೇ?" ಎಂದು ಕರಿಯಕ್ಕ ಒಮ್ಮೆ ಕೇಳಿದಾಗ, ತಾಮ್ರದ ಬಣ್ಣ ಒಳಗಿತ್ತೋ ಹೊರಗಿತ್ತೋ ಎಂದು ರಾಧಮ್ಮ ತಡವರಿಸಿದಳು.

ಗಿಡಗಳು ಸತ್ತಿದ್ದು ಬೋರಿನ ನೀರಿಗೇ ಎಂದು ಓಬಳಪ್ಪನಿಗೆ ಯಾರು ಹೇಳಿದರೋ, ಹೇಗೆ ತಿಳಿಯಿತೋ ಗೊತ್ತಿಲ್ಲ. ಗಿಡದ ಮಾತು ಅವನು ಮತ್ತೆ ಎತ್ತಲೇ ಇಲ್ಲ. ಆದರೆ ಈಗ ಮನೆಯಲ್ಲಿ ಏನು ಮಾಡುವ ಮೊದಲೂ ಅವಳನ್ನು ಕೇಳುತ್ತಾನೆ. ಬಾಗಿಲು ಹಾಕ್ಲಾ, ಒಲೆ ಆರಿಸ್ಲಾ, ಈ ಬಟ್ಟೆ ಒಳಗೆ ತರ್ಲಾ. ಅವಳು ತಲೆ ಎತ್ತದೆ ಹೂಂ ಅನ್ನುತ್ತಾಳೆ.