ಪಾರಿಶ್ವಾಡದಲ್ಲಿ ಉಡಿ ತುಂಬಿಸಿಕೊಂಡವಳು

ಖಾಸಬಾಗದ ನನ್ನ ಅಂಗಡಿಯಲ್ಲಿ ಕುಬಸ ಹೊಲಿಯುತ್ತಿದ್ದವಳನ್ನು ನಾನು ಆರು ವರ್ಷ ‘ತಮ್ಮಾ’ ಎಂದೇ ಕರೆದಿದ್ದೆ. ತಲೆಯ ಮೇಲೆ ಖಣದ, ಅಂದರೆ ಕುಬಸದ ಬಟ್ಟೆಯ, ಗಂಟು ಹೊತ್ತು ಓಣಿ ಓಣಿ ತಿರುಗಿ ಅಂಗಡಿ ಮಾಡಿಕೊಂಡವಳು ನಾನು. ಗಿರಾಕಿ ಬಾಗಿಲಲ್ಲಿ ಕಾಲಿಟ್ಟರೆ ಸಾಕು, ಅವರಿಗೇನು ಬೇಕೆಂದು ಹೇಳಬಲ್ಲೆ ಎಂಬ ಜಂಬ ಬೇರೆ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಒಂದು ದಿನ ಅವಳು ಹಸಿರು ಸೀರೆಯುಟ್ಟು ಬಂದು ಹೊಲಿಗೆ ಯಂತ್ರದ ಮುಂದೆ ಕುಳಿತಾಗ ಆ ಜಂಬ ಇಳಿಯಿತು.

“ಜೋಗಪ್ಪ ಆದ್ಯೇನೋ?” ಎಂದೆ. ಬೀದಿಯವರ ಬಾಯಲ್ಲಿದ್ದವು ಹೊಲಸು ಮಾತುಗಳು. ನನಗೆ ಗೊತ್ತಿದ್ದ ಮರ್ಯಾದೆಯ ಶಬ್ದ ಅದೊಂದೇ.

“ಇಲ್ರೀ ಅಕ್ಕಾರ. ಅವರು ದೇವಿ ಸೇವಾಕ್ಕಂತ ಮುತ್ತು ಕಟ್ಟಿಸಿಕೊಂಡವರು. ನಾ ಹೆಣ್ಣಮಗಳು, ಅಷ್ಟ.”

“ಹಂಗಾರ ಏನಂತ ಕರೀಲಿ?”

“ತಂಗಿ ಅನ್ರಿ. ಅದಕ್ಕ ಪಗಾರ ಹೆಚ್ಚಿಗಿ ಕೇಳಂಗಿಲ್ಲ.”

ಇಬ್ಬರೂ ನಕ್ಕೆವು. ಈಗ ಪತ್ರಿಕೆಗಳಲ್ಲಿ ‘ಲಿಂಗತ್ವ ಅಲ್ಪಸಂಖ್ಯಾತರು’ ಎಂದು ಬರೆಯುತ್ತಾರೆ, ಓದುತ್ತೇನೆ. ಆದರೂ ನನ್ನ ಸಲಹೆ ಇಷ್ಟೇ: ಎದುರಿಗಿದ್ದವರನ್ನೇ ಕೇಳಿ, ಅವರು ಹೇಳಿದಂತೆ ಕರೆಯಿರಿ. ಬಾಯಿ ತಪ್ಪಿದರೆ ತಿದ್ದಿಕೊಂಡು ಮುಂದೆ ಹೋಗಿ. ನಾನೂ ಒಂದು ತಿಂಗಳು ತಪ್ಪಿದ್ದೇನೆ.

ಅಷ್ಟರಲ್ಲಿ ಅವಳ ಬೆನ್ನಿಗೆ ಹುಟ್ಟಿದ ಹುಡುಗಿಯ ಮದುವೆ ಗೊತ್ತಾಯಿತು. ಸೀರೆಯ ಸುದ್ದಿಯನ್ನು ಯಾರೋ ಪಾರಿಶ್ವಾಡದಲ್ಲಿದ್ದ ಅವಳ ತಾಯಿಗೆ ಮುಟ್ಟಿಸಿದ್ದರು. ಮದುವೆಗೆ ಕರೆ ಬರಲಿಲ್ಲ. ಈಗ ಹೋಗದಿದ್ದರೆ ಮತ್ತೆಂದೂ ಆ ಹೊಸ್ತಿಲು ತುಳಿಯಲಾರೆ ಎಂದು ಅವಳು ಅತ್ತಳು.

“ನಡಿ, ನಾ ಮಾತಾಡ್ತೀನಿ,” ಎಂದೆ.

ಬಸ್ಸು ಪೀರನವಾಡಿ ದಾಟಿದರೂ ಅವಳು ಸೆರಗಿಗೆ ಪಿನ್ನು ಚುಚ್ಚುತ್ತಲೇ ಇದ್ದಳು. ಖಾನಾಪುರದಲ್ಲಿ ಬಸ್ಸು ಬದಲಿಸುವಾಗ ಬಾಳೆಹಣ್ಣು ಮಾರುವವಳು ಇವಳನ್ನು ಮರಾಠಿಯಲ್ಲಿ ಅಕ್ಕಾ ಎಂದು ಕೂಗಿದ್ದೇ ತಡ, ಹಿಗ್ಗಿ ಒಂದು ಡಜನ್ ಕೊಂಡಳು. ಚೌಕಾಸಿಯನ್ನೇ ಮಾಡದೆ! ನನ್ನ ಹೊಟ್ಟೆ ಉರಿಯಿತು.

ತಾಯಿ ಬಾಗಿಲಿಗೆ ಬಂದವರು ಅವಳ ಕಡೆ ನೋಡಲಿಲ್ಲ. ನನಗೆ ಮಾತ್ರ “ಬರ್ರಿ, ಕುಂದರ್ರಿ” ಎಂದರು. ಕುಳಿತವಳೇ ನಾನು ಅಂಗಡಿಯ ಚಾಳಿಗೆ ಬಿದ್ದೆ. ಇಬ್ಬರೂ ಸ್ವಲ್ಪ ಸ್ವಲ್ಪ ಬಿಟ್ಟುಕೊಟ್ಟರೆ ನಡುವೆ ಎಲ್ಲೋ ವ್ಯವಹಾರ ಕುದುರುತ್ತದಲ್ಲ, ಹಾಗೆ.

“ಅವ್ವಾರ, ಮದುವಿ ದಿನ ಒಂದ ಪ್ಯಾಂಟು, ಶರ್ಟು. ಮರದಿನದಿಂದ ಸೀರಿ. ನಿಮ್ಮದೂ ನಡೀತು, ಆಕಿದೂ ನಡೀತು.”

ಅಂಗಳದಿಂದ ಅವಳ ದನಿ ಬಂತು: “ಅಕ್ಕಾರ, ನನ್ನ ಕೇಳದ ನನ್ನ ಯಾಕ ಅರ್ಧಾ ಮಾಡಿ ಕೊಡಾಕತ್ತೀರಿ?”

ನಾನು ಬಾಯಿ ತೆರೆಯುವ ಮೊದಲೇ ತಾಯಿ ಮಾತಾಡಿದರು.

“ಖರೇ ಐತಿ. ಖಣಾ ನಡಕ ಹರದ ಕೊಟ್ರ ಕುಬಸ ಆಗತೈತೇನ್ರೀ? ಸಣ್ಣದಿದ್ದಾಗ ನನ್ನ ಸೀರಿ ಸುತಗೊಂಡು ಕನ್ನಡಿ ಮುಂದ ನಿಂದರತಿತ್ತು ಇದು. ನನಗ ಅವತ್ತ ತಿಳದಿತ್ತು. ಮಂದಿಗೆ ಏನಂತ ಹೇಳಬೇಕು ಅನ್ನೂದ ತಿಳೀಲಿಲ್ಲ.” ಆಮೇಲೆ ಅಂಗಳದ ಕಡೆ ತಿರುಗಿದರು. “ಒಳಗ ಬಾರವ್ವಾ. ಎಷ್ಟ ಕೆಟ್ಟ ನಿರಿಗಿ ಹಿಡದೀ, ಯಾರ ಕಲಿಸ್ಯಾರ?”

“ಅಕ್ಕಾರ,” ಎಂದು ಅವಳು ನನ್ನನ್ನು ತೋರಿಸಿದಳು.

ಹೊರಡುವಾಗ ತಾಯಿ ತವರಿಗೆ ಬಂದ ಹೆಣ್ಣುಮಕ್ಕಳಿಗೆ ಮಾಡುವಂತೆಯೇ ಅವಳನ್ನು ಮಣೆಯ ಮೇಲೆ ಕೂಡಿಸಿ, ಕುಂಕುಮ ಹಚ್ಚಿ, ಉಡಿ ತುಂಬಲು ಅಕ್ಕಿ, ಕಾಯಿ, ಖಣ ತಂದರು. ಉಡಿಯೊಡ್ಡಲು ಅವಳು ಎಳೆದರೆ ಸೆರಗು ಬರಲೊಲ್ಲದು. ಏಳು ಪಿನ್ನು!

“ಸೆರಗ ಮೈಗೆ ಹೊಲದಬಿಟ್ಟೀಯೇನ?” ಎಂದು ತಾಯಿ ಒಂದೊಂದನ್ನೇ ಬಿಚ್ಚಿದರು. ಐದು ಬೊಗಸೆ ಅಕ್ಕಿ ಬಿತ್ತು. ಅವಳು ಅಳುತ್ತ ನಗುತ್ತಿದ್ದಳು.

“ಮದುವಿಗೆ ಎಂಟ ದಿವಸ ಮೊದಲ ಬಾ. ಮನಿ ಮಗಳು ಬೀಗರಂಗ ಬಂದ್ರ ಮಂದಿ ನಗತಾರ.”

“ಎಂಟು? ಅಂಗಡ್ಯಾಗ ಸೀಜನ್ ಐತ್ರಿ ಅವ್ವಾರ,” ನಾನು ಬಾಯಿ ಹಾಕಿದೆ. “ಮೂರ ಮಾಡ್ರಿ.”

“ಹತ್ತು,” ಎಂದರು ತಾಯಿ.

ನಾನು ತೆಪ್ಪಗೆ ಎಂಟಕ್ಕೆ ಒಪ್ಪಿಕೊಂಡೆ.