ಕರದಂಟಿನ ಡಬ್ಬಿಯೊಳಗಿನ ಎರಡು ದನಿ

ನಮ್ಮ ಗೋಕಾವಿಯ ಮನೆಗಳಲ್ಲಿ ಕರದಂಟು ತೀರಿದರೂ ಅದರ ರಟ್ಟಿನ ಡಬ್ಬಿ ತೀರುವುದಿಲ್ಲ. ಗುಂಡಿ, ಸೂಜಿ, ಗುಳಿಗೆ, ಹಳೆಯ ಕನ್ನಡಕ, ಒಂದಿಲ್ಲೊಂದಕ್ಕೆ ಆಸರೆಯಾಗಿ ಬಾಳುತ್ತಲೇ ಇರುತ್ತದೆ. ನನ್ನ ಡಬ್ಬಿಯಲ್ಲಿ ಕಂಪ್ಯೂಟರ್ ಇದೆ ಎಂದರೆ ನೀವು ನಗಬಹುದು, ನಗಿರಿ. ಇಸ್ಪೀಟಿನ ಎಲೆಯಷ್ಟಗಲದ ಒಂದೇ ಹಸಿರು ಹಲಗೆ. ಅರಭಾವಿಯಲ್ಲಿ ಓದುವ ಮೊಮ್ಮಗಳು ಮಣ್ಣಿನ ತೇವ ಅಳೆಯುವ ಪ್ರಾಜೆಕ್ಟ್ ಮುಗಿಸಿ, "ಅಜ್ಜಿ, ಇದು ಇನ್ನ ನಿಂದು" ಎಂದು ಕೊಟ್ಟದ್ದು. ಕೆಲಸಕ್ಕೆ ಹಚ್ಚಿದರೆ ಕಾದು ಬಿಸಿಯಾಗುತ್ತದೆ, ಪಾಪ. ಆದ್ದರಿಂದ ಮುಚ್ಚಳ ಮುಚ್ಚುವಂತಿಲ್ಲ.

ಅದಕ್ಕೆ ಕೇಳುವುದನ್ನು ಕಲಿಸಲು ನಾನು ಕೂತದ್ದು ಗೌರಕ್ಕನ ಸಲುವಾಗಿ. ಗೌರಕ್ಕ ನನ್ನ ನೆಗೆಣ್ಣಿ, ನಮ್ಮವರ ಅಣ್ಣನ ಹೆಂಡತಿ, ಈಗ ಮೂಡಲಗಿಯಲ್ಲಿದ್ದಾಳೆ. ಅವಳ ಗಂಟಲಲ್ಲೊಂದು ಗಂಟು; ಸೋಮವಾರ ಆಪರೇಶನ್. ದನಿ ಮೊದಲಿನಂತೆ ಉಳಿದೀತು, ಉಳಿಯದೆಯೂ ಹೋದೀತು ಎಂದಿದ್ದರು ಡಾಕ್ಟರು. ನನಗೆ ಆ ದನಿ ಬೇಕಿತ್ತು. ಫೋನ್ ಎತ್ತಿದರೆ ಫೋಟೋ ಎಂದುಕೊಂಡು ಸೆರಗು ಸರಿಪಡಿಸಿ, ತುಟಿ ಬಿಗಿದು ಕೂಡುವ ಜೀವ ಅದು. ಡಬ್ಬಿಯಾದರೆ ಅದಕ್ಕೆ ಕಣ್ಣಿಲ್ಲ, ಅವಳಿಗೆ ಸಂಕೋಚವೂ ಇಲ್ಲ.

ಮೆಮೊರಿ ಕಾರ್ಡಿಗೆ ಸಿಸ್ಟಮ್ ಇಳಿಸಿ, ಪುಟ್ಟ ಮೈಕ್, ಸ್ಪೀಕರ್ ಸಿಕ್ಕಿಸಿ, ವಿಡಿಯೋ ನೋಡಿ ನೋಡಿ ಕಮಾಂಡ್ ಟೈಪ್ ಮಾಡಿದರೆ ಬಂದದ್ದು ಬರೀ ಮೌನ. ಯಾವ ಮೈಕಿನಿಂದ ಕೇಳಬೇಕೆಂದು ನಂಬರ್ ಸಮೇತ ತಿಳಿಸಬೇಕಂತೆ. ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್ "ಲಿಸನ್, ಗರ್ಲ್ಸ್!" ಎಂದು ಮೇಜು ಕುಟ್ಟುತ್ತಿದ್ದರು, ಕಿವಿಯಿದ್ದ ಮಾತ್ರಕ್ಕೆ ಕೇಳುವುದು ಬರುವುದಿಲ್ಲ ಎಂಬುದು ಅವರಿಗೂ ಗೊತ್ತಿದ್ದಿರಬೇಕು.

ಶನಿವಾರ ಮೂಡಲಗಿಗೆ ಹೋಗಿ ಡಬ್ಬಿ ಬಿಚ್ಚಿ, "ಅಕ್ಕಾ, ಬೀಸೂಕಲ್ಲಿನ ಹಾಡು ಹೇಳ. ಇದು ಹಿಡಕೊಂತೈತಿ" ಎಂದೆ. ಗೌರಕ್ಕ ಬಾಯಿ ತೆರೆದಳು, ಮುಚ್ಚಿದಳು.

"ಕೈಯಾಗ ಕಲ್ಲಿನ ಗೂಟ ಇಲ್ಲದ, ಬಾಯಾಗ ಹಾಡು ಹೆಂಗ ಬರತೈತಿ, ಹುಚ್ಚಿ?"

ಮೂಲೆಯ ಬೀಸುಕಲ್ಲನ್ನು ನಡುಮನೆಗೆ ಉರುಳಿಸಿ ತಂದೆವು. ಬರೀ ಹಾಡಿಗಲ್ಲವೇ ಎಂದು ಕಾಳು ಹಾಕದೆ ಬರಿಗಲ್ಲನ್ನೇ ತಿರುಗಿಸಹೋದೆ.

"ಬಿಡಬಿಡ! ಹಸದ ಕಲ್ಲು ಮನೀನ ತಿಂತೈತಿ. ನಿಮ್ಮ ಇಂಗ್ಲಿಷ್ ಸಾಲ್ಯಾಗ ಇದನ್ನ ಕಲಸಲಿಲ್ಲೇನ?" ಎಂದು ಅವಳೇ ಒಂದು ಹಿಡಿ ಜೋಳ ಸುರಿದಳು.

ಮೊದಲ ಸಲ ಹಾಡಿದ್ದನ್ನು ಹಚ್ಚಿ ಕೇಳಿದರೆ, ನೆಲದ ಮೇಲಿಟ್ಟ ಮೈಕು ಕಲ್ಲಿನ ಗುಡುಗನ್ನಷ್ಟೇ ಹಿಡಿದು ಗೌರಕ್ಕನನ್ನು ಪೂರಾ ಬಿಟ್ಟುಬಿಟ್ಟಿತ್ತು. ಲೆವೆಲ್ ತಗ್ಗಿಸಿ, ಮೈಕನ್ನು ನಮ್ಮ ತಲೆಯ ಮೇಲಿನ ಮೊಳೆಗೆ ತೂಗಿಬಿಟ್ಟೆ. ಆದರೆ ಅವಳ ದನಿ ಆಗಲೇ ದಣಿದಿತ್ತು. ಇನ್ನೊಂದೇ ಸಲ, ಎಂದಳು.

ಬೀಸುವಾಗ ಇಬ್ಬರು ಹೆಂಗಸರು ಎದುರುಬದುರು ಕೂತು ಒಂದೇ ಗೂಟ ಹಿಡಿಯುತ್ತಾರೆ. ಒಬ್ಬಳು ತನ್ನ ತವರನ್ನು ಹೊಗಳಿ ಹಾಡಿದರೆ ಎದುರಿನವಳು ತನ್ನ ತವರನ್ನು ಹೊಗಳಿ ಉತ್ತರ ಕೊಡಬೇಕು. ಹುಕ್ಕೇರಿಯಿಂದ ಸೊಸೆಯಾಗಿ ಬಂದ ನನಗೆ ಹಾಸ್ಟೆಲಿನ ಪ್ರೇಯರ್, ನರ್ಸರಿ ರೈಮ್ ಬಿಟ್ಟರೆ ಬೇರೆ ಹಾಡು ಬರುತ್ತಿರಲಿಲ್ಲ. ಮದುವೆಯಾಗಿ ಬಂದ ದಿನದಿಂದ ನನ್ನ ಪಾಲನ್ನೂ ಗೌರಕ್ಕನೇ ಹಾಡಿದಳು. ತಾನೆಂದೂ ಕಾಣದ ಹುಕ್ಕೇರಿಯ ನಮ್ಮ ಮನೆಗೆ ಚಿನ್ನದ ಬಾಗಿಲಿಟ್ಟಳು, ನನ್ನಣ್ಣನನ್ನು ಬಿಳಿ ಕುದುರೆಯ ಮೇಲೆ ಕರೆತಂದಳು. ಊರು ಬಿಟ್ಟು ಬಂದ ನನ್ನ ಕಣ್ಣೀರು ಆ ಹಿಟ್ಟಿನಲ್ಲೇ ಒಣಗಿತು.

ಈ ಶನಿವಾರ ತನ್ನ ತವರು ಅಂಕಲಗಿಯನ್ನು ಹಾಡಿ ಮುಗಿಸಿದವಳು ಅಲ್ಲಿಗೇ ನಿಲ್ಲಿಸಿದಳು. ಕಲ್ಲು ತಿರುಗುತ್ತಿತ್ತು.

"ಅಕ್ಕಾ, ಹುಕ್ಕೇರಿ?"

"ನಿನ್ನ ತವರಮನಿ ಇನ್ನ ನೀನ ಹಾಡವ್ವಾ. ನಾ ಎಷ್ಟ ದಿನ ಹಾಡಲಿ?"

ಕೈ ತಿರುಗುತ್ತಲೇ ಇದ್ದುದರಿಂದಲೋ ಏನೋ, ಬಾಯಿ ತಾನಾಗಿ ತೆರೆಯಿತು. ಒಡಕು ದನಿಯಲ್ಲಿ ನನ್ನಣ್ಣನನ್ನು ಕರೆದೆ. ಕುದುರೆ ನೆನಪಾಗದೆ ಅವನನ್ನು ಸೈಕಲ್ ಮೇಲೆಯೇ ತಂದೆ, ಹಿಂದಿನ ಕ್ಯಾರಿಯರಿಗೆ ನನ್ನ ಟ್ರಂಕ್ ಕಟ್ಟಿಸಿ. ಖರೆ ಹೇಳಬೇಕೆಂದರೆ ಅವನು ಬರುತ್ತಿದ್ದದ್ದೇ ಹಾಗೆ. ಗೌರಕ್ಕ ಬಿದ್ದು ಬಿದ್ದು ನಕ್ಕಳು.

ಆಪರೇಶನ್ ಸುಸೂತ್ರವಾಗಿ ಆಯಿತು. ಸದ್ಯ ಮಾತಾಡಕೂಡದು. ನಿನ್ನೆ ಡಬ್ಬಿ ಒಯ್ದು ಅವಳ ಮುಂದಿಟ್ಟೆ. ಅವಳ ದನಿ ಶುರುವಾದೊಡನೆ ಬಲಗೈ ಮೊಣಕಾಲ ಮೇಲೆ ಮೆಲ್ಲಗೆ ಸುತ್ತತೊಡಗಿತು. ನನ್ನ ಸೈಕಲ್ಲಿನ ಸಾಲು ಬಂದಾಗ ಸದ್ದಿಲ್ಲದೆ ಭುಜ ಕುಣಿಸಿ ನಕ್ಕಳು. ಮುಗಿದ ಮೇಲೆ, ಮತ್ತೊಮ್ಮೆ ಹಚ್ಚು ಎಂದು ಸನ್ನೆ ಮಾಡಿದಳು. ಅವಳ ದನಿಯಿಂದ ಹಚ್ಚಿದೆ. ಅಲ್ಲವೆಂದು ತಲೆಯಾಡಿಸಿ, ಬೆರಳನ್ನು ನನ್ನತ್ತ ತಿರುಗಿಸಿದಳು. ಹುಕ್ಕೇರಿಯಿಂದ ಹಚ್ಚು ಎಂದು.

ಅವಳ ದನಿ ಯಾವ ರೂಪದಲ್ಲಿ ಮರಳುತ್ತದೋ ನನಗೆ ಗೊತ್ತಿಲ್ಲ. ಬರಲಿ, ಹೇಗಾದರೂ ಬರಲಿ. ಮೈಕನ್ನು ಬಿಚ್ಚದೆ ಡಬ್ಬಿಯನ್ನು ಅವಳ ತಲೆದಿಂಬಿನ ಬಾಜೂಕ್ಕೇ ಇಟ್ಟು ಬಂದಿದ್ದೇನೆ, ಮುಚ್ಚಳ ತೆರೆದೇ. ಅದರಲ್ಲಿನ್ನೂ ತುಪ್ಪ, ಬೆಲ್ಲದ ಘಮ. ಅದರ ಮೇಲೀಗ ತೆಳ್ಳಗೆ ಜೋಳದ ಹಿಟ್ಟು.