ಬಲಗಡೆಯ ಕರಿಚುಕ್ಕೆ

ಹೋದ ತಿಂಗಳು ನಾನು ಒಬ್ಬ ಮನುಷ್ಯನನ್ನು ಕತ್ತರಿಸಿ ಹಾಕಿದೆ. ಹೊಲಿಗೆಯ ಕತ್ತರಿಯಿಂದ. ಮಧ್ಯಾಹ್ನದ ಚಹಾ ಕುಡಿದ ಮೇಲೆ, ಕಿಟಕಿಯ ಬೆಳಕಿನಲ್ಲಿ, ಕೈ ನಡುಗದಿರಲೆಂದು ಮೊಣಕೈಯನ್ನು ಮೇಜಿಗೆ ಊರಿಕೊಂಡು.

ಪೊಲೀಸರಿಗೆ ಹೇಳಿದರೆ ನಗುತ್ತಾರೆ. ನಾನು ಮಾತ್ರ ಭಾನುವಾರದಿಂದ ಸರಿಯಾಗಿ ಊಟ ಮಾಡಿಲ್ಲ.

ನನ್ನ ಫೋಟೋ ಹುಚ್ಚು ಊರಿಗೆಲ್ಲ ಗೊತ್ತು. ಅಣ್ಣ ಬಿಟ್ಟುಹೋದ ಹಳೆಯ ಫೋಲ್ಡಿಂಗ್ ಕ್ಯಾಮೆರಾ, ಅರವತ್ತು ದಾಟಿದ ನಾನು, ಕುಮಟೆಯ ಸುತ್ತಿನ ಕಡಲು. ಬೆಳಗ್ಗೆ ಕೊಡೆ ಹಿಡಿದು ಹೊರಟರೆ, ಅಕ್ಕೋರ ಸವಾರಿ ಇವತ್ತು ಯಾವ ದಿಕ್ಕಿಗೆ ಎಂದು ಮೀನು ಮಾರುವ ಹೆಂಗಸರು ಕೇಳುತ್ತಾರೆ. (ಶಾಲೆಯಲ್ಲಿ ಪಾಠ ಹೇಳುವುದು ಬಿಟ್ಟು ಎಂಟು ವರ್ಷವಾಯಿತು, ಅಕ್ಕೋರು ಎಂಬ ಹೆಸರು ಮಾತ್ರ ನನ್ನನ್ನು ಬಿಟ್ಟಿಲ್ಲ.)

ಇದೇ ಹುಚ್ಚಿನವರು ಇನ್ನಿಬ್ಬರಿದ್ದಾರೆ. ಹೊನ್ನಾವರದ ಡಾಕ್ಟರು, ಭಟ್ಕಳದ ಬಟ್ಟೆ ಅಂಗಡಿಯ ಸಾಹೇಬರು. ಮೂವರೇ ಸೇರಿ ನಮ್ಮನ್ನು ಸರ್ಕಲ್ ಎಂದು ಕರೆದುಕೊಂಡಿದ್ದೇವೆ. ತಿಂಗಳಿಗೊಮ್ಮೆ ಒಂದು ಕಂದು ಲಕೋಟೆ ಬಸ್ಸು ಹತ್ತುತ್ತದೆ. ಕುಮಟೆಯಿಂದ ಹೊನ್ನಾವರ, ಅಲ್ಲಿಂದ ಲಾಂಚಿನಲ್ಲಿ ಶರಾವತಿ ದಾಟಿ ಭಟ್ಕಳ, ಮತ್ತೆ ವಾಪಸ್ಸು. ಒಳಗೆ ನಮ್ಮ ಲ್ಯಾಂಡ್‌ಸ್ಕೇಪ್‌ಗಳು. ನೋಡಿದವರು ಚಿತ್ರದ ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ಕ್ರಿಟಿಸಿಸಮ್ ಬರೆಯಬೇಕು. ಹೊಗಳಿಕೆಗೆ ಒಂದೇ ಸಾಲು, ತಪ್ಪಿಗೆ ಎಷ್ಟು ಬೇಕಾದರೂ. ಇದು ರೂಲ್.

ಇನ್ನೊಂದು ರೂಲ್ ಇದೆ. ನಮ್ಮ ಯಾರ ಬಳಿಯೂ ಚಿತ್ರ ಹಿಗ್ಗಿಸುವ ಎನ್‌ಲಾರ್ಜರ್ ಇಲ್ಲ. ನೆಗೆಟಿವ್ ಎಷ್ಟು ದೊಡ್ಡದೋ ಚಿತ್ರವೂ ಅಷ್ಟೇ. ಹಾಗಾಗಿ ಬೇಡವೆಂದು ತೀರ್ಮಾನವಾದ ಭಾಗವನ್ನು ನೆಗೆಟಿವ್‌ನಿಂದಲೇ ಕತ್ತರಿಸಿ ತೆಗೆಯಬೇಕು. ಕರಿ ಕಾಗದ ಮುಚ್ಚಿ ಪ್ರಿಂಟ್ ತೆಗೆದರೆ ಸಾಲದೇ ಎಂದು ಒಮ್ಮೆ ಕೇಳಿದ್ದೆ. ಅರ್ಧ ಆಪರೇಷನ್ ಮಾಡಬಾರದು ಎಂದರು ಡಾಕ್ಟರು. ಮುಚ್ಚಿಟ್ಟದ್ದನ್ನು ಮನಸ್ಸು ಮತ್ತೆ ತೆರೆಯುತ್ತದಂತೆ. ಎಷ್ಟು ಚೆಂದದ ಮಾತು ಅನ್ನಿಸಿತ್ತು ಆಗ!

ಮಳೆಗಾಲ ಮುಗಿದ ಹೊಸತರಲ್ಲಿ ಕುಮಟೆಯ ಪಕ್ಕದ ಬಾಡ ಊರಿನ ಕಡಲತೀರದಲ್ಲಿ ಒಂದು ಚಿತ್ರ ತೆಗೆದೆ. ಎಡಕ್ಕೆ ನೀರಿನಿಂದೆದ್ದ ಒಂಟಿ ಬಂಡೆ, ನಡುವೆ ಒದ್ದೆ ಮರಳು, ಮೇಲೆ ಮೋಡ. ಬಲಗಡೆ ದೂರದಲ್ಲಿ ಮೀನು ಹಿಡಿಯುವ ಸೋಮ ಬಲೆ ಬಿಡಿಸುತ್ತಿದ್ದ. ಬಂಡೆಯ ಅಳತೆ ತಿಳಿಯಲು ಒಬ್ಬ ಮನುಷ್ಯ ಇರಲಿ ಎಂದು ನಾನೇ ಅವನಿಗೆ ನಿಲ್ಲಲು ಹೇಳಿದೆ. ಅವನು ಮನೆಗೆ ಓಡಿಹೋಗಿ ಅಂಗಿ ಹಾಕಿಕೊಂಡು ಬಂದ. ಅಷ್ಟರಲ್ಲಿ ಒಳ್ಳೆಯ ಬೆಳಕು ಹೋಗಿತ್ತು, ಮನಸ್ಸಿನಲ್ಲೇ ಬೈದುಕೊಂಡೆ. ಪಟದಲ್ಲಿ ತಾನು ಬರುತ್ತೇನೆಯೇ ಎಂದು ಕೇಳಿದ. ಬಾರದೆ ಏನು ಎಂದೆ.

ಲಕೋಟೆ ಹೋಗಿ ಬಂತು. ‘ಬಂಡೆ ಎಕ್ಸಲೆಂಟ್. ಬಲಗಡೆಯ ಕರಿಚುಕ್ಕೆ ಡಿಸ್ಟರ್ಬಿಂಗ್. ತೆಗೆಯಿರಿ’ ಎಂದು ಡಾಕ್ಟರು ಬರೆದಿದ್ದರು. ಸಾಹೇಬರು ಮರ್ಯಾದಸ್ಥರು. ‘ಮಾಶಾ ಅಲ್ಲಾ, ಒಳ್ಳೆಯ ಸೀನರಿ. ಆದರೆ ಆ ಚುಕ್ಕೆ ನಜರು ಎಳೆಯುತ್ತದೆ’ ಎಂದು ಬರೆದಿದ್ದರು.

ಅದು ಚುಕ್ಕೆಯಲ್ಲ, ಸೋಮ. ನನಗೆ ಗೊತ್ತಿತ್ತು. ಹೇಳಬಹುದಿತ್ತು. ಹೇಳಲಿಲ್ಲ. ಕಾನ್ವೆಂಟಿನಲ್ಲಿ ಓದಿದವರ ರೋಗ ಇದು. ಯಾರಾದರೂ ಪೆನ್ಸಿಲ್ ಹಿಡಿದು ಗೆರೆ ಎಳೆದರೆ ಸಾಕು, ತಪ್ಪು ನಮ್ಮದೇ ಇರಬೇಕು ಅಂದುಕೊಳ್ಳುತ್ತೇವೆ.

ಕತ್ತರಿಸಿದೆ. ಬೆರಳಗಲದ ಚೂರು ಸುರುಳಿ ಸುತ್ತಿಕೊಂಡು ನೆಲಕ್ಕೆ ಬಿತ್ತು. ಲಕೋಟೆಯಲ್ಲಿದ್ದ ಪ್ರಿಂಟನ್ನೂ ಅದೇ ಅಳತೆಗೆ ತಂದೆ. ಚೂರುಗಳನ್ನೆಲ್ಲ ಗುಡಿಸಿ ಒಲೆಗೆ ಹಾಕಿದ್ದಾಯಿತು.

ಭಾನುವಾರ ಹೊನ್ನಾವರದ ಶಾಲೆಯೊಂದರ ಹಾಲ್‌ನಲ್ಲಿ ನಮ್ಮ ಪ್ರದರ್ಶನ. ನನ್ನ ಬಂಡೆಯ ಚಿತ್ರವನ್ನು ಕರಿ ಕಾರ್ಡಿಗೆ ಅಂಟಿಸಿ ನಡುವೆಯೇ ತೂಗುಹಾಕಿದ್ದರು. ಹನ್ನೊಂದು ಗಂಟೆಗೆ ಬಾಗಿಲ ಕಡೆ ನೋಡುತ್ತೇನೆ, ಸೋಮ! ಅದೇ ಅಂಗಿ. ತೋಳು ಹಿಡಿದುಕೊಂಡು ಅವನ ಮುದಿ ತಾಯಿ.

ಪ್ರದರ್ಶನದ ಸುದ್ದಿಯನ್ನು ಮೀನು ಮಾರುವ ಹೆಂಗಸರ ಬಾಯಿಂದ ಕೇಳಿ, ಬಾಡದಿಂದ ಕುಮಟೆಗೆ ನಡೆದು, ಅಲ್ಲಿಂದ ಬಸ್ಸು ಹಿಡಿದು ಬಂದಿದ್ದರು. ತಾಯಿಗೆ ಎರಡೂ ಕಣ್ಣಿಗೆ ಪೊರೆ. ಆಪರೇಷನ್ ಎಂದರೆ ಕೈ ಮುಗಿಯುತ್ತಾಳಂತೆ. ಹಿರಿಯ ಮಗ ಕಡಲಿಗೆ ಹೋದವನು ಬರಲೇ ಇಲ್ಲ. ಒಂದೂ ಪಟವಿಲ್ಲದ್ದರಿಂದ ಅವನ ಮುಖ ಈಗ ನೆನಪಿಗೆ ಸರಿಯಾಗಿ ಬರುವುದಿಲ್ಲವಂತೆ. ಇವನ ಪಟವನ್ನಾದರೂ ತನ್ನ ಕಣ್ಣು ಪೂರ್ತಿ ಹೋಗುವ ಮೊದಲು ನೋಡಿಟ್ಟುಕೊಳ್ಳುತ್ತೇನೆ ಎಂದು ಹಟ ಹಿಡಿದು ಹೊರಟು ಬಂದಿದ್ದಳು. ಇದನ್ನೆಲ್ಲ ಸೋಮ ನನಗೆ ನಗುನಗುತ್ತ ಹೇಳಿದ.  ತಡೆಯಬೇಕಿತ್ತು. ಅವರ ಹಿಂದೆಯೇ ನಡೆದೆ.

ಸೋಮ ಚಿತ್ರದ ಮುಂದೆ ನಿಂತ. ಬಲಗಡೆ ನೋಡಿದ. ಕಾರ್ಡಿನ ಅಂಚನ್ನು ಬೆರಳಿನಿಂದ ಮುಟ್ಟಿದ, ಚಿತ್ರ ಅಲ್ಲಿ ಹಿಂದಕ್ಕೆ ಮಡಚಿಕೊಂಡಿದೆಯೇನೋ ಎಂಬಂತೆ.

“ಎಲ್ಲಿದ್ಯಾ ಮಗಾ?” ತಾಯಿ ಮುಖವನ್ನು ಚಿತ್ರಕ್ಕೆ ತಾಗಿಸಿಯೇಬಿಟ್ಟಿದ್ದಳು.

ಅವನು ತಿರುಗಿ ನನ್ನನ್ನು ನೋಡಿದ. ಒಂದೇ ಕ್ಷಣ. ಆಮೇಲೆ ತಾಯಿಯ ಬೆರಳು ಹಿಡಿದು ಬಂಡೆಯ ಮೇಲೆ ಇಟ್ಟ.

“ಇಲ್ಲಿ ಕಾಣು ಅಬ್ಬೆ. ಇದೇ ನಾನು.”

“ಅಂಗಿ ಹಾಕಂಡಿದ್ಯಾ?”

“ಹಾಕಂಡಿದ್ದೆ.”

“ಅಡ್ಡಿಲ್ಲ. ಗಟ್ಟಿಯಾಗಿ ನಿಂತಿದ್ದಿ ಮಗಾ.”

ಆ ಬಂಡೆಯನ್ನು ಅವಳು ಎಷ್ಟು ಹೊತ್ತು ನೋಡಿದಳು ಎಂದು ಹೇಳಲಾರೆ. ಒಳಗೆಲ್ಲ ತುಂಬಿಕೊಳ್ಳುವವಳ ಹಾಗೆ ನೋಡಿದಳು. ಏನಾಯಿತೆಂದು ಡಾಕ್ಟರು ಪಿಸುಮಾತಿನಲ್ಲಿ ಕೇಳಿದರು. ಹೇಳಿದೆ.  ಮನುಷ್ಯನಾ ಅದು, ತಾನು ದೋಣಿ ಕಟ್ಟುವ ಗೂಟ ಅಂದುಕೊಂಡಿದ್ದೆ ಎಂದರು. ಭೂತಗನ್ನಡಿ ಇಟ್ಟು ನೋಡಿದವರು! ಸಾಹೇಬರು ಒಂದು ಕುರ್ಚಿ ತಂದು ತಾಯಿಯ ಹಿಂದೆ ಇಟ್ಟು, ಹೊರಗೆ ಹೋಗಿಬಿಟ್ಟರು.

ಹೊರಡುವಾಗ ತಾಯಿ ಪಟ ಬೇಕು ಎಂದಳು. ಗೋಡೆಯಿಂದ ಇಳಿಸಿ ಕೊಟ್ಟೆ. ಕೊಡದೆ ಏನು ಮಾಡಲಿ? ಆಕೆ ನನ್ನ ತಲೆ ಮುಟ್ಟಿ ಹರಸಿದಳು.

ಮಂಗಳವಾರ ಹೊಸ ಫಿಲ್ಮ್ ಹಾಕಿಕೊಂಡು ಬಾಡಕ್ಕೆ ಓಡಿದೆ. ಈಗಲೇ ನಿಲ್ಲು, ಹತ್ತಿರದಿಂದ, ಮುಖ ತುಂಬ ಬರುವ ಹಾಗೆ ತೆಗೆಯುತ್ತೇನೆ ಎಂದು ಸೋಮನನ್ನು ಬೇಡಿಕೊಂಡೆ. ಅವನು ಬಲೆಯಿಂದ ತಲೆ ಎತ್ತಲಿಲ್ಲ.

“ಈಗ ಬೇಡ ಅಕ್ಕೋರೆ. ಎರಡು ಪಟ ಹತ್ರ ಇಟ್ಟು ಕಂಡ್ರೆ ಅಬ್ಬೆಗೆ ಗೊತ್ತಾಗೋಗ್ತದೆ. ಅವ್ಳು ನೋಡಿದ್ದು ಆತು, ಬಿಡಿ.” ಬಲೆಯ ಗಂಟು ಬಿಡಿಸುತ್ತ ಕೇಳಿದ, “ಅಲ್ಲಾ, ಪಟದಿಂದ ನನ್ನ ಎಂತಕ್ಕೆ ತೆಗೆದ್ರಿ? ಅಂಗಿ ಸಮ ಇರ್ಲಿಲ್ವಾ?”

ಕಾಂಪೋಸಿಷನ್. ಬ್ಯಾಲೆನ್ಸ್. ಫೋರ್‌ಗ್ರೌಂಡ್. ನನಗೆ ಗೊತ್ತಿದ್ದ ಉತ್ತರಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಅಂಗಿ ಚೆನ್ನಾಗಿತ್ತು ಎಂದಷ್ಟೇ ಹೇಳಿ ತಿರುಗಿದೆ.

ಬರುವಾಗ ಅವನ ಮನೆಯ ಬಾಗಿಲು ತೆರೆದಿತ್ತು. ತಾಯಿ ಗೋಡೆಗೆ ಮುಖವಿಟ್ಟು ನಿಂತಿದ್ದಳು, ಬೆರಳಿನಿಂದ ಚಿತ್ರವನ್ನು ಮೆಲ್ಲಗೆ ಸವರುತ್ತ.

ಕಣ್ಣು ಪೂರ್ತಿ ಹೋದ ಮೇಲೆ ಅವಳ ನೆನಪಿನಲ್ಲಿ ಉಳಿಯುವುದು ಮಗನ ಮುಖವೋ, ಬಂಡೆಯೋ?